ಸೋರದ ಅಂಬಾಸಿಡರ್, ಸಾವಿಲ್ಲದ ಮನೆಯ ಸಾಸಿವೆ

ನಮ್ಮ ಭಾವನವರನ್ನು ನೋಡಬೇಕೆಂದು ಮೈಸೂರಿನ ಸರಸ್ವತೀಪುರಂ ಮನೆಗೆ ಯಾರಾದರೂ ಬಂದರೆ ಮೊದಲು ಕಾಣುವುದು ಅವರ ಪಾದಗಳು. ಉಳಿದ ಭಾವ ಅಂಬಾಸಿಡರ್ ಕೆಳಗಿರುತ್ತಾರೆ. ಅಕ್ಕ ಕಾಫಿ ಲೋಟವನ್ನು ಆ ಪಾದಗಳ ಪಕ್ಕದಲ್ಲಿಟ್ಟು, "ಆರಿಹೋಗತ್ತೆ ರೀ" ಎಂದು ಪಾದಗಳಿಗೇ ಹೇಳಿ ಒಳಗೆ ಹೋಗುತ್ತಾಳೆ. ಕೊರಿಯರ್ ಹುಡುಗ ಕೂಡ ಈಗ ರೂಢಿಯಾಗಿ, ಸಹಿ ಹಾಕಿಸಿಕೊಳ್ಳಲು ಬಗ್ಗಿ ಕೂರುತ್ತಾನೆ.

ಕಾರು ಅವರ ತಂದೆ ಕೊಂಡದ್ದು, 1972ರ ಮಾರ್ಕ್ ಟು. ಆ ಮನೆಯ ಅಂಗಳದಲ್ಲಿ ದಿನಾ ಎರಡು ರಂಗೋಲಿ ಬೀಳುತ್ತಿದ್ದವು. ಒಂದು ಅಕ್ಕನದು, ಬಿಳಿ. ಇನ್ನೊಂದು ಅಂಬಾಸಿಡರಿನದು, ಕಪ್ಪು. ಅಕ್ಕನದಕ್ಕೆ ಚುಕ್ಕಿ ಲೆಕ್ಕವಿತ್ತು, ಇದಕ್ಕಿರಲಿಲ್ಲ. ಹದಿನೈದು ವರ್ಷ ಸಹಿಸಿಕೊಂಡ ಅಕ್ಕ, ಕಳೆದ ದೀಪಾವಳಿಯ ದಿನ ತನ್ನ ರಂಗೋಲಿಯ ನಟ್ಟನಡುವೆ ಕಪ್ಪು ಚುಕ್ಕಿಯೊಂದು ಬಿದ್ದದ್ದು ಕಂಡು, "ಒಂದೋ ಇದು ಸೋರೋದು ನಿಲ್ಲಬೇಕು, ಇಲ್ಲಾ ಇದು ಗುಜರಿಗೆ ಹೋಗಬೇಕು" ಎಂದಳು. ಭಾವ ಅದನ್ನು ಇಂಜಿನ್ ಇಳಿಸಲು ಸಿಕ್ಕ ಅಪ್ಪಣೆ ಎಂದು ತಿಳಿದರು. ಗಂಡಸರಿಗೆ ಇಂಥ ಕಡೆ ಕಿವಿ ಬಹಳ ಚುರುಕು. ಅಡಿಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿದೆ ಎಂದು ಅದೇ ದಿನ ಅವಳು ಹೇಳಿದ ಇನ್ನೊಂದು ಮಾತು ಮಾತ್ರ ಅವರಿಗೆ ಕೇಳಿಸಲಿಲ್ಲ.

ಹಳೇ ಕಾರಿನವರ ಲೋಕದಲ್ಲಿ ಸೋರದ ಅಂಬಾಸಿಡರ್ ಹುಡುಕುವುದೂ ಸಾವಿಲ್ಲದ ಮನೆಯ ಸಾಸಿವೆ ಹುಡುಕುವುದೂ ಒಂದೇ. ಯಾರ ಮನೆಗೆ ಹೋದರೂ ಕಾರಿನ ಕೆಳಗೆ ಒಂದು ತಟ್ಟೆ, ಹಳೇ ರಟ್ಟು, ಮರಳು, ಏನಾದರೂ ಇರುತ್ತದೆ. ಮಾಲೀಕನನ್ನು ಕೇಳಿದರೆ, "ಛೆ, ಸೋರೋದಲ್ಲ ಸಾರ್, ಸ್ವಲ್ಪ ಬೆವರತ್ತೆ ಅಷ್ಟೆ" ಎನ್ನುತ್ತಾನೆ. ಮನೆ ಮಗ ಫೇಲಾದರೆ "ಸ್ವಲ್ಪದರಲ್ಲಿ ತಪ್ಪಿತು" ಅನ್ನುತ್ತೇವಲ್ಲ, ಹಾಗೆ. ಈ ಕಾಯಿಲೆ ಇಲ್ಲಿ ಹುಟ್ಟಿದ್ದೂ ಅಲ್ಲ. ಅಂಬಾಸಿಡರಿನ ತವರು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿ. ಬಂಗಾಳದ ಉತ್ತರಪಾರಾದಲ್ಲಿ ಐವತ್ತರ ದಶಕದ ಕೊನೆಯಿಂದ 2014ರವರೆಗೆ ತಯಾರಾಯಿತು. ಭಾವನ ಕಾರಿನಲ್ಲಿರುವ 1489 ಸಿಸಿ ಪೆಟ್ರೋಲ್ ಇಂಜಿನ್ ಬಿಎಂಸಿ ಕಂಪನಿಯ ಬಿ ಸರಣಿಯದು, ಎಂಜಿಎ, ಎಂಜಿಬಿ ಎಂಬ ಸೊಗಸುಗಾರ ಸ್ಪೋರ್ಟ್ಸ್ ಕಾರುಗಳ ದಾಯಾದಿ. ಕೆಳಗೆ ಎಣ್ಣೆ ಬೀಳದಿದ್ದರೆ ಒಳಗೆ ಎಣ್ಣೆಯೇ ಮುಗಿದಿದೆ ಎಂದರ್ಥ ಅಂತ ಇಂಗ್ಲೆಂಡಿನವರೇ ತಮ್ಮ ಹಳೇ ಕಾರುಗಳನ್ನು ಆಡಿಕೊಳ್ಳುತ್ತಾರೆ.

ಭಾವನಿಗೆ ನಾನು ಕೇಳಿದ ಮೊದಲ ಪ್ರಶ್ನೆ: "ಎಲ್ಲಿಂದ ಸೋರ್ತಿದೆ ಅಂತ ಗೊತ್ತಾ?"

"ಬೀಳ್ತಾ ಇರೋದು ಇಂಜಿನ್ ಹಿಂದುಗಡೆ ಕಣಯ್ಯ. ಆದರೆ ಎಣ್ಣೆ ಬೀಳೋ ಕಡೆ ಹುಟ್ಟಿರಲ್ಲ."

ಮಾತು ನಿಜ. ಕಾರು ಮುಂದಕ್ಕೆ ಓಡುವಾಗ ಗಾಳಿ ಎಣ್ಣೆಯನ್ನು ಹಿಂದಕ್ಕೆ ತಳ್ಳುತ್ತದೆ. ಮೇಲೆ ವಾಲ್ವಿನ ಕವರಿನ ಮೂಲೆಯಲ್ಲಿ ಜಿನುಗಿದ್ದು ಬ್ಲಾಕಿನ ಮೈಮೇಲೆ ಇಳಿದು, ಹಿಂದಕ್ಕೆ ಹರಿದು, ಗೇರ್ ಬಾಕ್ಸಿನ ಕೆಳಗೆ ತೊಟ್ಟಾಗುತ್ತದೆ. ಅವಸರದವನು ತೊಟ್ಟು ಬಿದ್ದ ಜಾಗಕ್ಕೇ ಪೇಸ್ಟ್ ಬಳಿಯುತ್ತಾನೆ. ಭಾವ ಹಾಗಲ್ಲ. ಇಂಜಿನ್ನನ್ನು ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ, ಅಕ್ಕನ ಪೌಡರ್ ಡಬ್ಬಿ ತಂದು ಮೈತುಂಬ ಉದುರಿಸಿದರು. ಅಂಬಾಸಿಡರ್ ಮುಖಕ್ಕೆ ಪೌಡರ್ ಹಾಕಿಕೊಂಡು ಚಾಮುಂಡಿಬೆಟ್ಟಕ್ಕೆ ಹೋಗಿ ಬಂತು. ವಾಪಸು ಬಂದಾಗ ಪೌಡರಿನ ಮೇಲೆ ಕಪ್ಪು ಗೆರೆಗಳು ಅತ್ತ ಮದುಮಗಳ ಕಾಡಿಗೆಯ ಹಾಗೆ ಇಳಿದಿದ್ದವು. ಒಂದಲ್ಲ, ಐದು. ಅದರ ಜೊತೆಗೆ ಒಂದು ಹಸಿರು ಗೆರೆ. ಅದು ಕೂಲೆಂಟು.

"ಪಂಚಗಂಗೆ" ಎಂದೆ. ಭಾವ ನಗಲಿಲ್ಲ.

ಐದರಲ್ಲಿ ಒಂದಕ್ಕೆ ಮಾತ್ರ ಹುಟ್ಟಿನಿಂದಲೇ ಬಂದ ನೆಪವಿತ್ತು. ಅದು ಕ್ರ್ಯಾಂಕಿನ ಹಿಂತುದಿ. ಈಗಿನ ಕಾರುಗಳಲ್ಲಿ ಆ ಜಾಗದಲ್ಲಿ ರಬ್ಬರಿನ ತುಟಿಯಿರುವ ಆಯಿಲ್ ಸೀಲ್ ಇರುತ್ತದೆ. ಮೂರು ಮೇನ್ ಬೇರಿಂಗಿನ ಈ ಹಳೇ ಇಂಜಿನ್ನಿಗೆ ಅದಿಲ್ಲ. ಬದಲಿಗೆ ಕ್ರ್ಯಾಂಕಿನ ಮೇಲೆ ಬೋಲ್ಟಿನ ಥ್ರೆಡ್ಡಿನಂತೆ ಸುರುಳಿ ಗೀರು ಕೊರೆದಿದ್ದಾರೆ. ಸುತ್ತಲಿನ ಕಬ್ಬಿಣಕ್ಕೂ ಅದಕ್ಕೂ ನಡುವೆ ಕೂದಲೆಳೆಯ ಸಂದು. ಕ್ರ್ಯಾಂಕ್ ತಿರುಗುತ್ತಿರುವಾಗ ಹೊರಗೆ ಹೊರಟ ಎಣ್ಣೆಯನ್ನು ಆ ಸುರುಳಿ ಮತ್ತೆ ಒಳಕ್ಕೆ ತಿರುವಿ ಕಳಿಸುತ್ತದೆ. ಮದುವೆಮನೆಯ ಬಾಗಿಲಲ್ಲಿ ಒಬ್ಬ ಸೋದರಮಾವ ನಿಂತು, ಮೆಲ್ಲಗೆ ಜಾರಿಕೊಳ್ಳುವವರನ್ನೆಲ್ಲ "ಊಟ ಮಾಡದೆ ಎಲ್ಲಿಗೆ? ನಡೀರಿ ಒಳಗೆ" ಎಂದು ಹೆಗಲು ಹಿಡಿದು ತಿರುಗಿಸುತ್ತಿರುತ್ತಾನಲ್ಲ, ಅದೇ ಕೆಲಸ. ಆದರೆ ಇಂಜಿನ್ ಆರಿಸಿದೊಡನೆ ಸೋದರಮಾವ ನಿದ್ದೆಗೆ ಜಾರುತ್ತಾನೆ. ಆಮೇಲೆ ಅಲ್ಲಿ ಉಳಿದಿದ್ದ ನಾಲ್ಕು ಹನಿ ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಡುತ್ತವೆ.

ಬೇರಿಂಗ್ ಸವೆದರೆ ಪರಿಸ್ಥಿತಿ ಇನ್ನೂ ಕೆಡುತ್ತದೆ. ಕ್ರ್ಯಾಂಕ್ ಒಂದು ಪಕ್ಕಕ್ಕೆ ಇಳಿಯುತ್ತದೆ, ಸಂದು ಕೆಳಗೆ ಕಿರಿದು, ಮೇಲೆ ಹಿರಿದು. ಅದಕ್ಕೇ ಇಂಜಿನ್ ಕಟ್ಟುವಾಗ ಬೇರಿಂಗ್ ಹೊಸದು ಹಾಕಿ, ಫೀಲರ್ ಗೇಜಿನ ತಗಡು ತೂರಿಸಿ, ಸಂದು ಸುತ್ತಲೂ ಒಂದೇ ಸಮ ಇದೆಯೇ ಎಂದು ಅಳೆಯಬೇಕು. ಹಿಂದಿನ ಬೇರಿಂಗ್ ಕ್ಯಾಪಿನಿಂದ ಎಣ್ಣೆ ವಾಪಸು ಇಳಿಯುವ ದಾರಿಯಲ್ಲಿ ಕಸ ಕೂತಿದ್ದರೆ ತಂತಿ ಹಾಕಿ ಬಿಡಿಸಬೇಕು. ಇಷ್ಟು ಮಾಡಿದರೆ ಸೋದರಮಾವ ತಕ್ಕಮಟ್ಟಿಗೆ ಕೆಲಸ ಮಾಡುತ್ತಾನೆ. ಎಂಜಿಎ ಇಟ್ಟುಕೊಂಡಿರುವ ಬ್ರಿಟಿಷರು ಬೇಸತ್ತು ಆ ಜಾಗಕ್ಕೆ ರಬ್ಬರ್ ಸೀಲಿನ ಕಿಟ್ಟನ್ನೇ ಮಾಡಿಕೊಂಡಿದ್ದಾರೆ. ಭಾವನಿಗೆ ಹೇಳಿದೆ. "ಅಪ್ಪನ ಕಾರಿಗೆ ರಬ್ಬರಾ?" ಎಂದು ನನ್ನ ಕಡೆ ನೋಡಿದ ನೋಟದಲ್ಲಿ, ನಾನು ಅವರ ತಂದೆಯ ತಿಥಿಗೆ ಹೋಟೆಲಿನಿಂದ ಊಟ ತರಿಸೋಣ ಅಂದಂತಿತ್ತು.

ಇಂಗ್ಲಿಷರ ತಣ್ಣನೆಯ ಬುದ್ಧಿಗೆ ನಾನು ತಲೆಬಾಗುವುದು ಇನ್ನೊಂದು ಕಾರಣಕ್ಕೆ. ಆ ಕಾಲದ ಎಂಜಿಯಂಥ ಕಾರುಗಳಲ್ಲಿ, ಕ್ಲಚ್ಚಿನ ಮನೆಯ ತಳದಲ್ಲಿ ಒಂದು ತೂತು ಕೊರೆದು, ಅದರಲ್ಲಿ ಒಂದು ಸ್ಪ್ಲಿಟ್ ಪಿನ್ನನ್ನು ಸಡಿಲವಾಗಿ ತೂಗುಬಿಟ್ಟಿರುತ್ತಾರೆ. ಕಾರು ಓಡುವಾಗ ಆ ಪಿನ್ ಅಲುಗಾಡುತ್ತ ತೂತು ಕಟ್ಟದಂತೆ ನೋಡಿಕೊಳ್ಳುತ್ತದೆ. ಯಾಕೆ? ಸೋರಿದ ಎಣ್ಣೆ ಕ್ಲಚ್ ಪ್ಲೇಟಿಗೆ ತಾಗದೆ ಹೊರಗೆ ಬೀಳಲಿ ಎಂದು! ಸೋರುವುದನ್ನು ನಿಲ್ಲಿಸಲು ಹೋಗದೆ, ಸೋರಿದ್ದಕ್ಕೆ ಚರಂಡಿ ಕಟ್ಟಿಸಿದ ಇಂಜಿನಿಯರನಿಗೆ ನಮ್ಮ ಯಾವ ನಗರಪಾಲಿಕೆಯಾದರೂ ಕರೆದು ಕೆಲಸ ಕೊಡುತ್ತಿತ್ತು.

ಮಿಕ್ಕ ನಾಲ್ಕು ಗೆರೆಗಳಿಗೆ ಇಂಗ್ಲೆಂಡನ್ನು ಬೈಯುವಂತಿಲ್ಲ. ಅವುಗಳಲ್ಲಿ ಹೆಚ್ಚಿನವು ಇಲ್ಲಿನ ಬಿಗಿ ಕೈಗಳ ಕೆಲಸ.

ಬಿಗಿಯುವುದು ನಮ್ಮ ಜನಕ್ಕೆ ರಕ್ತದಲ್ಲೇ ಬಂದದ್ದು. ಉಪ್ಪಿನಕಾಯಿ ಭರಣಿ, ಲಾರಿಯ ಟಾರ್ಪಾಲು, ಮಗಳ ಜಡೆ, ಯಾವುದನ್ನೇ ಬಿಗಿದರೂ ಕೊನೆಗೆ ಇನ್ನೊಂದು ಎಳೆತ. ಗ್ಯಾರೇಜಿನ ಹುಡುಗ ಬೋಲ್ಟ್ ಬಿಗಿಯುವುದನ್ನು ನೋಡಿ: ಕೂತ ಮೇಲೆ "ಹ್ಞಾ" ಎಂದು ಉಸಿರು ಕಟ್ಟಿ ಇನ್ನರ್ಧ ಸುತ್ತು. ಆ ಅರ್ಧ ಸುತ್ತೇ ಸೋರುವುದು. ಈ ಇಂಜಿನ್ನಿನ ಪಕ್ಕದಲ್ಲಿ ಎರಡು ತಗಡಿನ ಮುಚ್ಚಳಗಳಿವೆ, ಟ್ಯಾಪೆಟ್ಟಿನ ಕೋಣೆಗೆ. ಒಂದೊಂದಕ್ಕೂ ನಡುವೆ ಒಂದೇ ಬೋಲ್ಟ್, ಅಂಚಿಗೆ ಕಾರ್ಕಿನ ಪ್ಯಾಕಿಂಗ್. ಸೋರುತ್ತಿದೆ ಎಂದು ಆ ಬೋಲ್ಟನ್ನು ಬಿಗಿದರೆ ತಗಡಿನ ನಡು ಒಳಕ್ಕೆ ಹೋಗಿ ಮೂಲೆಗಳು ಮೇಲೇಳುತ್ತವೆ. ಹಪ್ಪಳ ಸುಡುವಾಗ ನಡುವೆ ಒತ್ತಿ ನೋಡಿ, ಅದೇ. ಇನ್ನೂ ಸೋರುತ್ತಿದೆ ಎಂದು ಇನ್ನೂ ಬಿಗಿದರೆ ಇನ್ನೂ ಸೋರುತ್ತದೆ. ಭಾವನ ಕಾರಿನ ಮುಚ್ಚಳಗಳು ಐವತ್ತು ವರ್ಷದಲ್ಲಿ ಎಷ್ಟು ಜನರ "ಹ್ಞಾ" ನುಂಗಿದ್ದವೋ, ಬಿಚ್ಚಿದಾಗ ಎರಡೂ ಸಾರಿನ ಸೌಟಿನ ಹಾಗಿದ್ದವು.

ಆಯಿಲ್ ಚೇಂಬರಿನದೂ ಇದೇ ಕಥೆ. ಅದಕ್ಕೆ ಸಂಪು ಎಂದೂ ಹೆಸರು. ನಾನು ಒಮ್ಮೆ ಫೋನಿನಲ್ಲಿ, "ಭಾವ ಸಂಪು ಬಿಚ್ಚಿ ತೊಳೀತಿದಾರೆ" ಎಂದದ್ದಕ್ಕೆ ನಮ್ಮಮ್ಮ, "ಅಯ್ಯೋ, ಟ್ಯಾಂಕರ್ ನೀರು ತರಿಸಿಕೊಂಡ್ರಾ?" ಎಂದು ಕೇಳಿದ್ದಳು. ಆ ಚೇಂಬರಿನ ತಗಡಿನ ಅಂಚಿನಲ್ಲಿ ಬೋಲ್ಟಿನ ತೂತುಗಳಿವೆಯಲ್ಲ, ಅತಿ ಬಿಗಿತಕ್ಕೆ ಒಂದೊಂದು ತೂತಿನ ಸುತ್ತಲೂ ತಗಡು ಉಬ್ಬಿ ನಿಂತಿರುತ್ತದೆ. ಹೊಸ ಪ್ಯಾಕಿಂಗ್ ಇಟ್ಟರೆ ಆ ಉಬ್ಬುಗಳು ಮಾತ್ರ ತಾಗುತ್ತವೆ, ನಡುವೆ ಎಣ್ಣೆಗೆ ಹೆದ್ದಾರಿ. ದಪ್ಪ ಕಬ್ಬಿಣದ ಮೇಲಿಟ್ಟು ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ, ಪಟ್ಟಿ ಹಿಡಿದು ನೋಡಿ, ಮತ್ತೆ ತಟ್ಟಿ, ಅಂಚು ಸಮ ಮಾಡಬೇಕು. ಭಾವ ಇದಕ್ಕೆ ಒಂದು ಭಾನುವಾರ ಪೂರ್ತಿ ತೆಗೆದುಕೊಂಡರು. ಎದುರುಮನೆಯವರು ಕಲಾಯಿಯವನು ಬಂದಿದ್ದಾನೆಂದು ಎರಡು ಪಾತ್ರೆ ತಂದಿದ್ದರು.

ಮುಂದುಗಡೆ ಟೈಮಿಂಗ್ ಚೈನಿನ ಕವರಿಗೆ ಬೇಕಾದದ್ದು ಸ್ವಲ್ಪ ಉಪಾಯ. ಅದರ ನಡುವೆ ಸೀಲ್, ಸೀಲಿನ ಮೂಲಕ ಪುಲ್ಲಿ. ಕವರನ್ನು ಮೊದಲೇ ಬಿಗಿದು ಪುಲ್ಲಿಯನ್ನು ಆಮೇಲೆ ತೂರಿಸಿದರೆ ಸೀಲ್ ಒಂದು ಪಕ್ಕಕ್ಕೆ ವಾಲಿ, ಆ ಪಕ್ಕ ಸವೆಯುತ್ತದೆ, ಈ ಪಕ್ಕ ಸೋರುತ್ತದೆ. ಬೋಲ್ಟ್‌ಗಳನ್ನು ಸಡಿಲವಾಗಿಟ್ಟು, ಪುಲ್ಲಿ ತೂರಿಸಿ, ಕವರ್ ತಾನೇ ನಡುವಿಗೆ ಬಂದು ಕೂತ ಮೇಲೆ ಬಿಗಿಯಬೇಕು.

ಐದನೆಯ ಗೆರೆಯ ಮೂಲ ಸಿಕ್ಕಿದ್ದು ನನಗೆ, ಅದೂ ಅಕಸ್ಮಾತ್ತಾಗಿ. ಪಿಸ್ಟನ್ನಿನ ಪಕ್ಕದಿಂದ ಸ್ವಲ್ಪ ಹೊಗೆ ಕೆಳಗೆ ನುಸುಳುವುದು ಯಾವ ಇಂಜಿನ್ನಿನಲ್ಲೂ ಇದ್ದದ್ದೇ. ಅದು ಹೊರಗೆ ಹೋಗಲು ಒಂದು ಉಸಿರಿನ ಕೊಳವೆ ಬೇಕು. ಭಾವನ ಕಾರಿನ ಕೊಳವೆ ಜಿಡ್ಡು ಕಟ್ಟಿ ಪೂರ್ತಿ ಮುಚ್ಚಿಹೋಗಿತ್ತು. ಕುಕ್ಕರಿನ ಸೀಟಿಯ ತೂತಿನಲ್ಲಿ ಬೇಳೆ ಸಿಕ್ಕಿಕೊಂಡರೆ ಏನಾಗುತ್ತದೆಂದು ಅಡಿಗೆಮನೆಗೆ ಕಾಲಿಟ್ಟವರಿಗೆ ಗೊತ್ತು. ಒಳಗಿನ ಒತ್ತಡ ಇದ್ದಬದ್ದ ಸಂದಿನಲ್ಲೆಲ್ಲ ಎಣ್ಣೆಯನ್ನು ಉಗುಳಿಸುತ್ತದೆ. ನೀವು ಎಷ್ಟೇ ಹೊಸ ಪ್ಯಾಕಿಂಗ್ ಹಾಕಿ, ಈ ಕೊಳವೆ ಕಟ್ಟಿದ್ದರೆ ಹಣವೆಲ್ಲ ಹೊಳೆಗೆ. ಬರೀ ಈ ಕೊಳವೆ ತೊಳೆದಿದ್ದರೆ ಅರ್ಧ ರಂಗೋಲಿ ಅಂದೇ ಅಳಿಸುತ್ತಿತ್ತು. ಇದನ್ನು ನಾನು ಹೇಳುವ ಹೊತ್ತಿಗೆ ಇಂಜಿನ್ ಮುನ್ನೂರು ತುಂಡಾಗಿ ಹಜಾರದಲ್ಲಿ ಹರಡಿತ್ತು, ಆದ್ದರಿಂದ ಭಾವ ನನ್ನ ಜೊತೆ ಎರಡು ದಿನ ಮಾತಾಡಲಿಲ್ಲ.

ಇನ್ನು ಪೇಸ್ಟಿನ ಪುರಾಣ. ನಮ್ಮ ಹಳೇ ಮೇಸ್ತ್ರಿಗಳ ಪ್ರಾಣಮಿತ್ರ ಶೆಲಾಕ್. ಅದು ಅರಗು, ಲಕ್ಕದ ಹುಳುವಿನದು. ಹೊತ್ತಿ ಉರಿಯಲೆಂದೇ ದುರ್ಯೋಧನ ಅರಗಿನ ಮನೆ ಕಟ್ಟಿಸಿದ. ನಾವು ಅದೇ ಅರಗನ್ನು ಬಿಸಿ ಇಂಜಿನ್ನಿಗೆ ಬಳಿಯುತ್ತೇವೆ. ಹಾಗೆಂದು ಅದು ಕೆಟ್ಟದ್ದೇನಲ್ಲ. ಕಾಗದದ ಪ್ಯಾಕಿಂಗಿಗೆ ತೆಳ್ಳಗೆ ಸವರಿದರೆ ಗಟ್ಟಿ ಹಿಡಿಯುತ್ತದೆ. ಎಷ್ಟು ಗಟ್ಟಿಯೆಂದರೆ ಮುಂದಿನ ಸಲ ಬಿಚ್ಚುವವನು ಉಳಿ ಹಿಡಿದು ಶಿಲ್ಪಿಯಾಗಬೇಕು. ಈಗಿನ ಹುಡುಗರದು ಟ್ಯೂಬಿನ ಸಿಲಿಕಾನ್ ಪೇಸ್ಟು. ಅದನ್ನು ಬೇಕರಿಯವನು ಹುಟ್ಟುಹಬ್ಬದ ಕೇಕಿಗೆ ಕ್ರೀಮ್ ಹಿಂಡಿದ ಹಾಗೆ ಹಿಂಡುತ್ತಾರೆ. ಬೋಲ್ಟ್ ಬಿಗಿದಾಗ ಹೊರಗೆ ಉಬ್ಬಿ ಬಂದದ್ದು ಕಣ್ಣಿಗೆ ಕಾಣುತ್ತದೆ, ಒರೆಸುತ್ತಾರೆ. ಅಷ್ಟೇ ಒಳಗೂ ಉಬ್ಬಿರುತ್ತದೆ. ಅದು ಒಂದು ದಿನ ಕಳಚಿ, ಚೇಂಬರಿಗೆ ಬಿದ್ದು, ಆಯಿಲ್ ಪಂಪಿನ ಜಾಲರಿಗೆ ಅಂಟಿಕೊಂಡರೆ ಬೇರಿಂಗಿಗೆ ಎಣ್ಣೆಯೇ ಹೋಗುವುದಿಲ್ಲ. ಸೋರುವ ಒಂದು ಹನಿ ಉಳಿಸಲು ಹೋಗಿ ಇಂಜಿನ್ನೇ ಜಾಮ್. ನನ್ನ ಪರಿಚಯದ ಒಂದು ಜೀಪಿಗೆ ಹೀಗೇ ಆಯಿತು. ಪೇಸ್ಟ್ ಹಿಂಡಿದವನು ನಾನೇ ಆದ್ದರಿಂದ ಆ ವಿಷಯ ಇಲ್ಲಿಗೆ ಸಾಕು.

ಮೈ ಸಮವಾಗಿ, ಚೊಕ್ಕಟವಾಗಿ, ಹಳೇ ಪ್ಯಾಕಿಂಗಿನ ಚೂರೂ ಇಲ್ಲದೆ ಇದ್ದರೆ ಪೇಸ್ಟ್ ಹೆಚ್ಚೇನೂ ಬೇಡ. ಇದನ್ನು ಭಾವ ನಂಬಿದ್ದರು. ನಂಬಿದ್ದರ ಫಲವನ್ನು ಅಕ್ಕನ ಅಡಿಗೆಮನೆ ಉಂಡಿತು. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯಿಂದ ತಂದ ಕಾರ್ಕ್ ಪ್ಯಾಕಿಂಗ್ ವರ್ಷಗಟ್ಟಲೆ ಅಲ್ಲೇ ಒಣಗಿ, ಕುಗ್ಗಿ, ತೂತಿಗೆ ತೂತು ಕೂಡುತ್ತಿರಲಿಲ್ಲ. ಬೆಚ್ಚನೆ ನೀರಿನಲ್ಲಿ ನೆನೆಸಿದರೆ ಅದು ಮತ್ತೆ ಹಿಗ್ಗುತ್ತದೆ. ಸರಿ, ಇಡ್ಲಿಗೆ ಉದ್ದಿನಬೇಳೆ ನೆನೆಸಿದ್ದ ಪಾತ್ರೆಯ ಪಕ್ಕ ಇನ್ನೊಂದು ಪಾತ್ರೆ. ಡ್ರೈನ್ ಪ್ಲಗ್ಗಿನ ತಾಮ್ರದ ವಾಷರುಗಳು ಒಮ್ಮೆ ಬಿಗಿದ ಮೇಲೆ ಗಡುಸಾಗುತ್ತವೆ, ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ಮತ್ತೆ ಮೆತ್ತಗಾಗಿ ಸಂದು ತುಂಬುತ್ತವೆ. ಅದಕ್ಕೆ ಗ್ಯಾಸ್ ಒಲೆ, ಇಕ್ಕಳ, ಮತ್ತು ಅಕ್ಕನ ಎನಾಮೆಲ್ ತಟ್ಟೆ. ಅಕ್ಕ ಬೆಳಗ್ಗೆ ಎದ್ದು ಬಂದಾಗ ಒಂದು ಒಲೆಯ ಮೇಲೆ ಹಾಲು, ಇನ್ನೊಂದರ ಮೇಲೆ ವಾಷರು. "ಒಗ್ಗರಣೆಗೆ ಸಾಸಿವೆ ಬೇಕೇನ್ರೀ?" ಎಂದಳು. ಅವಳ ಹಿಂದೆ ನಲ್ಲಿ ತೊಟ್ಟಿಕ್ಕುತ್ತಿತ್ತು.

ಹಸಿರು ಗೆರೆಯ ವಿಷಯ ಬಾಕಿ ಉಳಿಯಿತು. ಎಣ್ಣೆ ನೆಲ ಕೆಡಿಸಿದರೆ ನೀರು ಇಂಜಿನ್ನನ್ನೇ ಕೊಲ್ಲುತ್ತದೆ. ಭಾವನ ತಂದೆ ಇದ್ದಾಗ ರೇಡಿಯೇಟರ್ ಸೋರಿದರೆ ಮದ್ದು ಒಂದೇ, ಒಂದು ಹಿಡಿ ಅರಿಶಿನ. ಪುಡಿ ಉಬ್ಬಿ ಸಂದಿನಲ್ಲಿ ಕೂತು ತೂತು ಮುಚ್ಚುತ್ತದೆ, ಊರು ಸೇರಿಸುತ್ತದೆ, ನಿಜ. ಆದರೆ ಕಾಯಿಲೆಗೂ ಕಾಯಿಲೆಯಿಲ್ಲದ ಕೊಳವೆಗೂ ಭೇದ ಮಾಡದೆ ಎಲ್ಲೆಡೆ ಕೂರುತ್ತದೆ. ಬ್ಲಾಕನ್ನು ಲೇತ್‌ನವರು ಕಾಸ್ಟಿಕ್ ಸೋಡಾದಲ್ಲಿ ಕುದಿಸಿ ತೊಳೆದಾಗ ಅದರೊಳಗಿಂದ ಬಂದ ರಾಡಿಯಲ್ಲಿ ಬೋರ್‌ವೆಲ್ಲಿನ ಸುಣ್ಣ, ತುಕ್ಕು, ಮತ್ತು ಮೂರು ಮದುವೆಗೆ ಸಾಲುವ ಅರಿಶಿನವಿತ್ತು.

ಅಷ್ಟು ತೊಳೆದ ಮೇಲೆ ಬಣ್ಣ ಬಯಲಾದದ್ದು ಕೋರ್ ಪ್ಲಗ್ಗುಗಳದು. ಬ್ಲಾಕನ್ನು ಎರಕ ಹೊಯ್ಯುವಾಗ ಒಳಗಿಟ್ಟ ಮರಳನ್ನು ಆಮೇಲೆ ಹೊರತೆಗೆಯಲು ಬಿಟ್ಟ ತೂತುಗಳಿಗೆ ಹೊಡೆದ ತಗಡಿನ ಮುಚ್ಚಳ ಅವು. ಹೊರಗಿನಿಂದ ಬಣ್ಣ ಹೊಡೆಸಿಕೊಂಡು ಠೀವಿಯಿಂದಿರುತ್ತವೆ, ಒಳಗಿನಿಂದ ತುಕ್ಕು ತಿಂದು ಹಂಚಿಕಡ್ಡಿ ಚುಚ್ಚಿದರೆ ತೂರುತ್ತದೆ. ಕೆಲವಕ್ಕೆ ಇಂಜಿನ್ ಕಾರಿನಲ್ಲಿರುವಾಗ ಕೈಯೇ ಹೋಗುವುದಿಲ್ಲ, ಆದ್ದರಿಂದ ಇಂಜಿನ್ ಇಳಿಸಿದಾಗ ಚೆನ್ನಾಗಿ ಕಂಡವನ್ನೂ ಸೇರಿಸಿ ಎಲ್ಲವನ್ನೂ ಬದಲಾಯಿಸುವುದೇ ಜಾಣತನ. ಹಿತ್ತಾಳೆಯವು ಸಿಕ್ಕರೆ ತುಕ್ಕಿನ ಚಿಂತೆಯಿಲ್ಲ.

ವಾಟರ್ ಪಂಪಿನ ಹೊಟ್ಟೆಯಲ್ಲಿ ಒಂದು ಸಣ್ಣ ತೂತಿದೆ. ಒಳಗಿನ ಸೀಲ್ ಹೋದಾಗ ನೀರು ಬೇರಿಂಗಿಗೆ ನುಗ್ಗದೆ ಹೊರಗೆ ಬಂದು ಮಾಲೀಕನಿಗೆ ಚಾಡಿ ಹೇಳಲಿ ಎಂದೇ ಮಾಡಿದ್ದು. ಹಿಂದೆ ಯಾವನೋ ಪುಣ್ಯಾತ್ಮ ಅದಕ್ಕೆ ಎಂ-ಸೀಲ್ ಮೆತ್ತಿದ್ದ. ಚಾಡಿ ಹೇಳುವವನ ಬಾಯಿ ಹೊಲಿದರೆ ಕಳ್ಳತನ ನಿಂತಂತೆಯೇ! ಪಂಪಿನ ಬೇರಿಂಗ್ ಕೈಯಲ್ಲಿ ಹಿಡಿದು ಅಲುಗಿಸಿದರೆ ಗೆಜ್ಜೆಯ ಸದ್ದು ಬರುತ್ತಿತ್ತು.

ಹೆಡ್ಡಿಗೂ ಬ್ಲಾಕಿಗೂ ನಡುವಿನ ಪ್ಯಾಕಿಂಗ್ ಹೋದರೆ ಮಾತ್ರ ನೆಲಕ್ಕೆ ಒಂದು ಹನಿಯೂ ಬೀಳದೆ ಮನೆ ಹಾಳಾಗಬಹುದು. ನೀರು ಒಳಗೊಳಗೇ ಎಣ್ಣೆಗೆ ಸೇರುತ್ತದೆ, ಡಿಪ್‌ಸ್ಟಿಕ್ ಎಳೆದರೆ ಹಾಲು ಹೆಚ್ಚಾದ ಕಾಫಿ. ಎಣ್ಣೆ ಹಾಕುವ ಮುಚ್ಚಳದ ಅಡಿಯಲ್ಲಿ ಮಾತ್ರ ಸ್ವಲ್ಪ ಕೆನೆ ಕಂಡರೆ ಹೆದರಬೇಕಾಗಿಲ್ಲ. ಹಾಲಿನ ಬೂತಿಗೆ ಹೋಗಿಬರುವಷ್ಟೇ ಓಡಿಸುವ ಕಾರಿನಲ್ಲಿ ಒಳಗಿನ ಇಬ್ಬನಿಯೂ ಹಾಗೆ ಮಾಡುತ್ತದೆ. ಭಾವ ಹೆಡ್ಡನ್ನು ಗಾಳಿ ತುಂಬಿ ನೀರಿನಲ್ಲಿ ಮುಳುಗಿಸಿ ಬಿರುಕು ನೋಡಿಸಿದರು, ಫೇಸಿಂಗ್ ಮಾಡಿಸಿದರು. ಮೇಲೆ ಕೂರಿಸಿ, ನಡುವಿನಿಂದ ಶುರುಮಾಡಿ ಹೊರಕ್ಕೆ ಹೋಗುತ್ತ, ಮೂರು ಸುತ್ತಿನಲ್ಲಿ, ಟಾರ್ಕ್ ರೆಂಚ್ ಹಿಡಿದು ಬಿಗಿದರು. ರೆಂಚ್ "ಟಕ್" ಎಂದೊಡನೆ ಕೈ ತೆಗೆಯುವುದು ಅವರಿಗೆ ಎಷ್ಟು ಕಷ್ಟವಾಯಿತೆಂದರೆ, ಒಂದೊಂದು ನಟ್ಟಿಗೂ ಬಾಯಲ್ಲಿ "ಹ್ಞಾ" ಬಂದು ಅರ್ಧಕ್ಕೆ ನಿಲ್ಲುತ್ತಿತ್ತು. ಐನೂರು ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ಬಿಗಿದು, ಟ್ಯಾಪೆಟ್ ಸೆಟ್ ಮಾಡಬೇಕೆಂದು ಕ್ಯಾಲೆಂಡರಿನಲ್ಲಿ, ಗೌರಿಹಬ್ಬದ ಪಕ್ಕದಲ್ಲಿ, ಬರೆದಿಟ್ಟಿದ್ದಾರೆ.

ರೇಡಿಯೇಟರಿಗೆ ಡಿಸ್ಟಿಲ್ಡ್ ನೀರು ಮತ್ತು ಕೂಲೆಂಟ್. "ಮೈಸೂರಲ್ಲಿ ನೀರು ಹೆಪ್ಪುಗಟ್ಟತ್ತಾ, ಯಾಕೆ ದುಡ್ಡು ದಂಡ?" ಎಂದೆ. ತುಕ್ಕು ಹಿಡಿಯದ ಹಾಗೆ ನೋಡಿಕೊಳ್ಳುವುದೇ ಇಲ್ಲಿ ಅದರ ಕೆಲಸ ಎಂದರು. ರುಚಿ ಸಿಹಿ, ಆದರೆ ವಿಷ. ಬೀದಿನಾಯಿ ನೆಕ್ಕದಂತೆ, ಚೆಲ್ಲಿದ್ದನ್ನು ತಾವೇ ಒರೆಸಿದರು. ನೆಲ ಒರೆಸುವ ಬಟ್ಟೆ ಆ ಮನೆಯಲ್ಲಿ ಎಲ್ಲಿರುತ್ತದೆಂದು ಅವರಿಗೆ ತಿಳಿದದ್ದು ಆ ದಿನ.

ಆರು ತಿಂಗಳಾದ ಮೇಲೆ ಇಂಜಿನ್ ಕೂಗಿತು. ಕಾರಿನ ಕೆಳಗೆ ಹಳೇ ಪೇಪರ್ ಹಾಸಿದರು. ಮೊದಲ ದಿನ ಒಣ. ಎರಡನೆಯ ದಿನ ಒಣ. ಮೂರನೆಯ ದಿನ ಭಾವನಿಗೆ ಸಮಾಧಾನವಾಗುವ ಬದಲು ಚಿಂತೆಯಾಯಿತು. ಡಿಪ್‌ಸ್ಟಿಕ್ಕನ್ನು ನಾಲ್ಕು ಸಲ ಎಳೆದು ನೋಡಿದರು. ಎಣ್ಣೆ ಇತ್ತು.

ಆ ರಾತ್ರಿ ನಾನು ಅಲ್ಲೇ ಮಲಗಿದ್ದೆ. ಎರಡು ಗಂಟೆಯ ಹೊತ್ತಿಗೆ, ಮನೆಯೆಲ್ಲ ನಿಶ್ಶಬ್ದವಿದ್ದಾಗ, ಸ್ಪಷ್ಟವಾಗಿ ಕೇಳಿಸಿತು: ಟಪ್. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು, ಟಪ್. ಭಾವ ದಡಬಡ ಎದ್ದು, ಪಂಚೆ ಕಟ್ಟಿಕೊಂಡು, ಟಾರ್ಚ್ ಹಿಡಿದು ಅಂಗಳಕ್ಕೆ ಓಡಿದರು. ನಾನು ಹೋಗಿ ನೋಡುವ ಹೊತ್ತಿಗೆ ಹೊರಗೆ ಎರಡು ಪಾದ ಮಾತ್ರ ಕಾಣುತ್ತಿದ್ದವು. ಪೇಪರ್ ಒಣಗಿಯೇ ಇತ್ತು. ಕಾಲು ಗಂಟೆ ಹುಡುಕಿ, ಪೂರ್ತಿ ತೃಪ್ತರಾಗಿ, ಒಳಗೆ ಬಂದು ಮಲಗಿ, ತಕ್ಷಣ ಗೊರಕೆ ಹೊಡೆದರು.

ಅಕ್ಕ ಎದ್ದಳು. ಅಡಿಗೆಮನೆಯ ದೀಪ ಹಾಕಿದಳು. ವಾಷರು ನೆನೆಸಿದ್ದ ಎನಾಮೆಲ್ ತಟ್ಟೆಯನ್ನು ನಲ್ಲಿಯ ಕೆಳಗೆ ಸರಿಸಿ, ಸದ್ದಾಗದಿರಲೆಂದು ಅದರೊಳಗೆ ಒಂದು ಬಟ್ಟೆ ಮಡಿಸಿಟ್ಟು, ದೀಪ ಆರಿಸಿದಳು.